ಪುಣ್ಯಾಭಾಸದ ವ್ಯಾಪಾರ

ಪರಿಸರಕ್ಕೆ ಒಳಿತಾಗುತ್ತದೆ ಎಂದು ನಂಬಿಸಿ ಸರಕು ಮಾರುವವನ ಮಾತು ನಿಜವಲ್ಲದಿದ್ದಾಗ ಅದನ್ನು ಅಸತ್ಯದಲ್ಲಿ ಎಣಿಸಬೇಕೋ ಕಳವಿನಲ್ಲಿ ಎಣಿಸಬೇಕೋ ಎಂಬ ಪ್ರಶ್ನೆಯನ್ನು ಕಾನೂನು ಕೈಗೆತ್ತಿಕೊಂಡದ್ದು ತೀರ ಈಚೆಗಾದರೂ, ಅದರ ತಿರುಳನ್ನು ದಾರ್ಶನಿಕರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಇಂಥ ಮಾತಿಗೆ ‘ಗ್ರೀನ್‌ವಾಷಿಂಗ್’ ಎಂಬ ಹೆಸರು ಬಂದದ್ದು 1986ರಲ್ಲಿ. ಭೂಮಿಯ ಹಿತಕ್ಕಾಗಿ ಟವೆಲನ್ನು ಮತ್ತೆ ಬಳಸಿರೆಂದು ಅತಿಥಿಗಳನ್ನು ಕೋರುತ್ತ, ತಮ್ಮ ಉಳಿದ ವ್ಯವಹಾರವನ್ನು ಮಾತ್ರ ಇದ್ದಂತೆಯೇ ನಡೆಸುವ ಹೋಟೆಲುಗಳನ್ನು ಕುರಿತು ಬರೆಯುವಾಗ ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ ಆ ಪದವನ್ನು ಬಳಸಿದರು. ಕನ್ನಡದಲ್ಲಿ ಅದನ್ನು ಹಸಿರು ಸೋಗು ಎನ್ನಬಹುದು. ಮಾಡದ ಒಳಿತನ್ನು ಮಾಡಿದಂತೆ, ಚೂರು ಮಾಡಿದ್ದನ್ನು ಪೂರ್ತಿ ಮಾಡಿದಂತೆ, ಮಾಡಿದ ಕೇಡನ್ನು ಮಾಡದಂತೆ ತೋರಿಸುವ ಮಾತು, ಚಿತ್ರ, ಬಣ್ಣ, ಮೌನ ಎಲ್ಲವೂ ಆ ಹೆಸರಿನಡಿ ಬರುತ್ತವೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂಥ ಊರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಕಾರಣವಿದೆ. ಊರಿನ ಸಮೀಪದಲ್ಲೇ ಶಾಂತಿಸಾಗರವೆಂದೂ ಕರೆಯಲಾಗುವ ಸೂಳೆಕೆರೆಯಿದ್ದು, ಸುಮಾರು 6,500 ಎಕರೆ ಹರಡಿರುವ ಆ ನೀರು ಸುತ್ತಲಿನ ಗದ್ದೆ–ತೋಟಗಳಿಗೆ ಆಸರೆಯಾಗಿರುವುದಲ್ಲದೆ ದೂರದ ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರೂ ಆಗಿದೆ. ಇಲ್ಲಿನ ರೈತ ಭತ್ತ ಮತ್ತು ಅಡಿಕೆ ಬೆಳೆಯುವವನಾದ್ದರಿಂದ ಹಸಿರು ಸೋಗಿನೊಂದಿಗೆ ಅವನ ಸಂಬಂಧ ಎರಡು ಬಗೆಯದು: ಗೊಬ್ಬರ–ಔಷಧದ ಅಂಗಡಿಯಲ್ಲಿ, ಸಂತೆಯಲ್ಲಿ, ಜವಳಿ ಅಂಗಡಿಯಲ್ಲಿ ಅವನು ಕೊಳ್ಳುವವನು, ಅಡಿಕೆ ಹಾಳೆಯ ತಟ್ಟೆಯ ವ್ಯಾಪಾರದಲ್ಲಿ ಅವನ ತೋಟದ ವಸ್ತುವೇ ಪರಿಸರಸ್ನೇಹಿ ಎಂಬ ಹೆಸರಿನಲ್ಲಿ ದೂರದೂರಕ್ಕೆ ಹೋಗುತ್ತದೆ. ಮಸೀದಿಯ ದಾವತ್ತಿನಲ್ಲೂ ಸಿದ್ಧೇಶ್ವರನ ಜಾತ್ರೆಯ ಅನ್ನಸಂತರ್ಪಣೆಯಲ್ಲೂ ಉಂಡು ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದು, ಕೆರೆಯ ಆಸುಪಾಸಿನಲ್ಲಿ ಬಾಳುವವರಿಗೆ ಕಣ್ಣೆದುರಿನ ವಿಷಯ.

ಸತ್ಯವೆಂದರೇನು ಎಂಬುದಕ್ಕೆ ಭಾರತೀಯ ದರ್ಶನಗಳಲ್ಲಿ ಸಿಗುವ ವಿವರಣೆಗಳಲ್ಲಿ ಮಾರುಕಟ್ಟೆಯ ಮಾತಿಗೆ ಅತ್ಯಂತ ಹತ್ತಿರವಾಗಿ ಹೊಂದುವುದು ಪತಂಜಲಿಯ ಯೋಗಸೂತ್ರಕ್ಕೆ ವ್ಯಾಸನ ಹೆಸರಿನಲ್ಲಿರುವ ಭಾಷ್ಯದ ವಿವರಣೆ. ಯಮಗಳನ್ನು, ಎಂದರೆ ಅಹಿಂಸೆ, ಸತ್ಯ, ಅಸ್ತೇಯ ಮೊದಲಾದ ಐದು ಕಟ್ಟುಪಾಡುಗಳನ್ನು ಹೇಳುವ ಸೂತ್ರವನ್ನು ವಿವರಿಸುತ್ತ ಭಾಷ್ಯಕಾರನು ಮಾತಿನ ಉದ್ದೇಶವನ್ನು ಮೊದಲು ಗೊತ್ತುಮಾಡುತ್ತಾನೆ: ತನ್ನಲ್ಲಿರುವ ತಿಳಿವನ್ನು ಇನ್ನೊಬ್ಬನಿಗೆ ದಾಟಿಸುವುದೇ ಮಾತಿನ ಕೆಲಸ. ಆ ದಾಟುವಿಕೆ ಮೂರು ಬಗೆಯಲ್ಲಿ ಕೆಡಬಹುದು. ಮಾತು ವಂಚಿಸುವಂಥದ್ದಾಗಿರಬಹುದು, ಆಡುವವನೇ ತಪ್ಪು ತಿಳಿದು ಆಡಿದ ಭ್ರಾಂತ ಮಾತಾಗಿರಬಹುದು, ಇಲ್ಲವೇ ಕೇಳುವವನಲ್ಲಿ ಯಾವ ತಿಳಿವನ್ನೂ ಹುಟ್ಟಿಸಲಾರದ, ಭಾಷ್ಯದ ಪರಿಭಾಷೆಯಲ್ಲಿ ಪ್ರತಿಪತ್ತಿವಂಧ್ಯವಾದ, ಅಂದರೆ ಅರಿವಿನ ಫಲವಿಲ್ಲದ ಬಂಜೆ ಮಾತಾಗಿರಬಹುದು. ಈ ಮೂರೂ ದೋಷಗಳಿಲ್ಲದ ಮಾತು ಕೂಡ ಪ್ರಾಣಿಗಳಿಗೆ ಕೇಡು ತರುವುದಾದರೆ ಸತ್ಯವೆನಿಸದೆ, ಪುಣ್ಯದಂತೆ ತೋರುವ ಪುಣ್ಯಾಭಾಸವಾಗಿಯೇ ಉಳಿಯುತ್ತದೆ ಎಂಬ ಎಚ್ಚರಿಕೆಯನ್ನೂ ಭಾಷ್ಯ ಸೇರಿಸುತ್ತದೆ. ಜಾಹೀರಾತು ಎಂಬುದೇ ಇಲ್ಲದ ಕಾಲದಲ್ಲಿ ಮಾಡಿದ ಈ ವಿಂಗಡಣೆ ಇಂದಿನ ಪೊಟ್ಟಣದ ಮೇಲಿನ ಬರಹಕ್ಕೆ ಇಷ್ಟು ಚೆನ್ನಾಗಿ ಒಪ್ಪುವುದು ಆಕಸ್ಮಿಕವಲ್ಲ. ಮಾತಿನಿಂದ ಮೋಸ ಮಾಡುವ ದಾರಿಗಳು ಕಾಲಕಾಲಕ್ಕೆ ಹೊಸದಾಗಿ ಹುಟ್ಟುವಂಥವಲ್ಲ.

ಬಂಜೆ ಮಾತು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಪರಿಸರಸ್ನೇಹಿ, ನೈಸರ್ಗಿಕ, ಹಸಿರು, ಶುದ್ಧ, ಭೂಮಿಗೆ ಹಿತ ಮುಂತಾದ ಪದಗಳನ್ನು ಪೊಟ್ಟಣದ ಮೇಲೆ ಓದಿದವನಿಗೆ ಒಂದು ಭಾವ ಹುಟ್ಟುತ್ತದೆಯೇ ಹೊರತು ತಿಳಿವು ಹುಟ್ಟುವುದಿಲ್ಲ. ಯಾವುದಕ್ಕೆ ಹೋಲಿಸಿದರೆ ಹಿತ, ಸರಕಿನ ಯಾವ ಭಾಗ ಹಿತ, ತಯಾರಿಸುವಾಗ ಹಿತವೋ ಬಿಸಾಡುವಾಗ ಹಿತವೋ ಎಂಬ ಒಂದು ಪ್ರಶ್ನೆಗೂ ಅಲ್ಲಿ ಉತ್ತರವಿರುವುದಿಲ್ಲ, ಆದ್ದರಿಂದ ಅದು ಸುಳ್ಳೆಂದು ಸಾಧಿಸಲೂ ಬರುವುದಿಲ್ಲ. ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಈ ದೋಷವನ್ನು ಹೆಸರಿಟ್ಟು ಹಿಡಿದಿರುವುದು ಗಮನಾರ್ಹ: ಇಂಥ ಸಾಮಾನ್ಯ ಪದಗಳನ್ನು ಬಳಸುವವನು ಅವುಗಳ ಮಿತಿಯನ್ನು ನಿಖರವಾಗಿ ಹೇಳಬೇಕು, ಆಧಾರ ಒದಗಿಸಬೇಕು, ಮಾತು ಇಡೀ ಸರಕಿಗೆ ಅನ್ವಯಿಸುತ್ತದೆಯೋ ಬರಿಯ ಹೊದಿಕೆಗೋ ತಯಾರಿಕೆಗೋ ವಿಲೇವಾರಿಗೋ ಎಂಬುದನ್ನು ಸ್ಪಷ್ಟಪಡಿಸಬೇಕು. ಪ್ರಶ್ನೆ ಕೇಳಿದಾಗ ಉತ್ತರವಾಗಿ ಅದೇ ಪದ ಮತ್ತೆ ಬಂದರೆ, ಆ ಮಾತು ಬಂಜೆ ಎಂದು ಗ್ರಾಹಕ ತಿಳಿಯಬಹುದು.

ಭ್ರಾಂತ ಮಾತಿನ ಉದಾಹರಣೆ ಊರಿನ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ಭಾರತದಲ್ಲಿ ಮಾರುವ ಪ್ರತಿ ಕೀಟನಾಶಕದ ಡಬ್ಬಿ, ಬಾಟಲಿಗಳ ಮೇಲೆ ವಜ್ರಾಕಾರದ ಒಂದು ಗುರುತು ಇರಲೇಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಆ ಗುರುತಿನ ಕೆಳಗಿನ ತ್ರಿಕೋನಕ್ಕೆ ವಿಷದ ತೀವ್ರತೆಗೆ ಅನುಗುಣವಾಗಿ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳಲ್ಲಿ ಒಂದನ್ನು ಬಳಿಯಲಾಗುತ್ತದೆ. ಹಸಿರು ತ್ರಿಕೋನ ಹೇಳುವುದು ಇದು ಉಳಿದ ಮೂರಕ್ಕಿಂತ ಕಡಿಮೆ ವಿಷ ಎಂಬುದನ್ನು ಮಾತ್ರ. ತಿಂಡಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಸಸ್ಯಾಹಾರದ ಗುರುತೆಂದು ಓದಿ ರೂಢಿಯಾದ ಕಣ್ಣಿಗೆ, ಅದೇ ಬಣ್ಣ ಇಲ್ಲಿ ಸಾವಯವದ ಗುರುತಾಗಿ ಕಂಡರೆ, ಅಂಗಡಿಯವನೂ ಹಾಗೆಂದೇ ನಂಬಿ ಕೊಟ್ಟರೆ, ಇಬ್ಬರಲ್ಲಿ ಯಾರೂ ಸುಳ್ಳಾಡದೆಯೇ ವಿಷವೊಂದು ನಿರಪಾಯವೆಂಬ ಹೆಸರಿನಲ್ಲಿ ಗದ್ದೆಗೆ ಇಳಿಯುತ್ತದೆ. ಬಯೋ ಎಂಬ ಪೂರ್ವಪದ ಹೊತ್ತ ಬಾಟಲಿಗಳ ವಿಷಯವೂ ಇಷ್ಟೇ. ಬೆಳೆಯ ಬೆಳವಣಿಗೆಯನ್ನು ಪ್ರಚೋದಿಸುವ ಜೈವಿಕ ಪ್ರಚೋದಕಗಳನ್ನು, ಎಂದರೆ ಬಯೋಸ್ಟಿಮ್ಯುಲೆಂಟ್‌ಗಳನ್ನು, 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದದ್ದು 2021ರಲ್ಲಿ. ಅಲ್ಲಿಯವರೆಗೆ ಅವುಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. ಬಾಟಲಿಯ ಮೇಲೆ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ಅಂಶಗಳ ಪ್ರಮಾಣ ಇವು ಇಲ್ಲದೆ ಬರಿಯ ಎಲೆಯ ಚಿತ್ರವಿದ್ದರೆ ಅದನ್ನು ಕೊಳ್ಳದಿರುವುದೇ ಲೇಸು. ಕೊಂಡರೆ ರಸೀದಿಯಿಲ್ಲದೆ ಕೊಳ್ಳಬಾರದು.

ವಂಚಿಸುವ ಮಾತಿಗೆ ಯೋಗಭಾಷ್ಯದ ಟೀಕಾಕಾರ ವಾಚಸ್ಪತಿ ಮಿಶ್ರನು ಕೊಡುವ ನಿದರ್ಶನ ಯುಧಿಷ್ಠಿರನದು. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜ, ಆದರೆ ದ್ರೋಣನ ಮನಸ್ಸಿಗೆ ಮುಟ್ಟಲಿ ಎಂದು ಉದ್ದೇಶಿಸಿದ ಅರ್ಥ ಸುಳ್ಳು. ವಾಕ್ಯದಲ್ಲಿ ಸತ್ಯವನ್ನು ಉಳಿಸಿಕೊಂಡು ಗ್ರಹಿಕೆಯಲ್ಲಿ ಸುಳ್ಳನ್ನು ಹುಟ್ಟಿಸುವ ಈ ಜಾಣತನವೇ ಹಸಿರು ಸೋಗಿನ ಅತ್ಯಂತ ಪಳಗಿದ ರೂಪ. ಚಹಾ ಕುಡಿಯುವ ಕಾಗದದ ಲೋಟವನ್ನು ತೆಗೆದುಕೊಳ್ಳಬಹುದು. ಅದು ಕಾಗದವೆಂಬುದು ನಿಜ. ಆದರೆ ಲೋಟವನ್ನು ನೀರಿನಲ್ಲಿ ಅರ್ಧ ದಿನ ನೆನೆಹಾಕಿ, ಮೆತ್ತಗಾದ ಮೇಲೆ ಅಂಚಿನಿಂದ ಸೀಳಿ ಬೆರಳಿನಿಂದ ಉಜ್ಜಿದರೆ ಕಾಗದ ಮುದ್ದೆಯಾಗಿ ಬಿಟ್ಟುಬಂದು, ಒಳಮೈಯಿಂದ ಬೆಳ್ಳಗಿನ ತೆಳು ಪೊರೆಯೊಂದು ಹಾಗೇ ಹಾಳೆಯಾಗಿ ಎದ್ದುಬರುವುದು ಸಾಮಾನ್ಯವಾಗಿ ಕಾಣುತ್ತದೆ. ಬಿಸಿ ಚಹಾ ಸೋರದಂತೆ ತಡೆಯುವುದು ಆ ಪಾಲಿಥೀನ್ ಪೊರೆಯೇ. ಜವಳಿ ಅಂಗಡಿಯವರು ಕೊಡುವ, ಬಟ್ಟೆಯಂತೆ ಕಾಣುವ, ಮೈಮೇಲೆಲ್ಲ ಸಣ್ಣ ಸಣ್ಣ ಚುಕ್ಕಿಯ ಅಚ್ಚು ಬಿದ್ದಿರುವ ಚೀಲ ಇನ್ನೊಂದು. ಅದರಲ್ಲಿ ಹಾಸೂ ಇಲ್ಲ ಹೊಕ್ಕೂ ಇಲ್ಲ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಿಂದ ಒತ್ತಿ ಅಂಟಿಸಿದ್ದು. ಅದರ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿದರೆ ಕರಗಿ ಗಟ್ಟಿ ಮಣಿಯಾಗುತ್ತದೆ; ಹತ್ತಿಯ ಚೂರು ಉರಿದು ಬೆರಳಿಗೆ ಹುಡಿಯಾಗುವ ಬೂದಿಯಾಗುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ಇಂಥ ಚೀಲಗಳನ್ನು ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳೇ 2021ರಿಂದ ನಿಷೇಧಿಸಿವೆ, ಏಕೆಂದರೆ ಆ ನಿಯಮಗಳ ಕಣ್ಣಿಗೆ ಅವು ಪ್ಲಾಸ್ಟಿಕ್ ಚೀಲಗಳೇ.

ಕೊಳೆಯುತ್ತದೆ ಎಂದು ಹೇಳುವ ಚೀಲಗಳಲ್ಲಿ ವಂಚನೆ ಇನ್ನೂ ಸೂಕ್ಷ್ಮವಾಗಿದೆ. ಕೆಲವು ಚೀಲಗಳು ಬಿಸಿಲಿಗೆ ಪುಡಿಯಾಗುವಂತೆ ಲವಣಗಳನ್ನು ಬೆರೆಸಿದ ಸಾಮಾನ್ಯ ಪ್ಲಾಸ್ಟಿಕ್ಕೇ ಆಗಿದ್ದು, ಕಣ್ಣಿಗೆ ಮರೆಯಾಗುತ್ತವೆಯೇ ಹೊರತು ಮಣ್ಣಾಗುವುದಿಲ್ಲ. ನಿಜವಾಗಿ ಗೊಬ್ಬರವಾಗಬಲ್ಲ ಚೀಲಗಳಿಗೆ ಐಎಸ್/ಐಎಸ್‌ಒ 17088 ಎಂಬ ಮಾನದಂಡವಿದ್ದು, ಅವುಗಳ ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದಿರಬೇಕು. ಆದರೆ ಆ ಮಾನದಂಡದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅದೂ 180 ದಿನಗಳವರೆಗಿನ ಅವಧಿಗೆ. ಹಿತ್ತಿಲ ತಿಪ್ಪೆಯಲ್ಲಿ ಅಷ್ಟು ಶಾಖ ಸತತವಾಗಿ ನಿಲ್ಲುವುದಿಲ್ಲ, ಕೆರೆಯ ತಣ್ಣನೆ ನೀರಿನಲ್ಲಂತೂ ಆ ಮಾತೇ ಇಲ್ಲ. ಕೊಳೆಯುತ್ತದೆ ಎಂಬ ಮಾತು ಎಲ್ಲಿ, ಎಷ್ಟು ದಿನದಲ್ಲಿ ಎಂಬ ಎರಡು ಸಂಗತಿಗಳಿಲ್ಲದೆ ಅರ್ಧ ಮಾತು.

ಅಡಿಕೆ ಹಾಳೆಯ ತಟ್ಟೆಯನ್ನು ಪರೀಕ್ಷಿಸದೆ ಈ ನಾಡಿನಲ್ಲಿ ನಿಂತು ಬೇರೆಯವರ ಸರಕನ್ನು ಮಾತ್ರ ದೂಷಿಸುವುದು ನ್ಯಾಯವಾಗದು. ಹಾಳೆ ತಾನಾಗಿ ಮರದಿಂದ ಕಳಚಿ ಬೀಳುತ್ತದೆ. ಆಯ್ದು ತಂದು, ನೀರಿನಲ್ಲಿ ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ಅಂಟು–ಬಣ್ಣಗಳ ಹಂಗಿಲ್ಲದೆ ತಟ್ಟೆಯಾಗುತ್ತದೆ. ಬಳಸಿ ಎಸೆದ ಮೇಲೆ ಯಾವ ಯಂತ್ರದ ಶಾಖವೂ ಬೇಡದೆ ಮಣ್ಣು ಸೇರುತ್ತದೆ. ಇಷ್ಟರ ಮಟ್ಟಿಗೆ ಅದರ ಮಾತು ಸತ್ಯ, ಅದರಿಂದ ಬದುಕುವ ಮನೆಗಳ ಶ್ರಮವೂ ಗೌರವಾರ್ಹ. ಆದರೆ ರಾಸಾಯನಿಕಮುಕ್ತ ಎಂಬ ಮಾತನ್ನು ಅದರ ಮೇಲೆ ಅಚ್ಚು ಹಾಕುವಾಗ, ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಆ ಹಾಳೆಯನ್ನು ಮುಟ್ಟಿತ್ತೇ ಎಂಬುದನ್ನು ಹೇಳುವವನು ವಿಚಾರಿಸಿರಬೇಕು. ಮಣ್ಣಾಗುವ ವಸ್ತುವೆಲ್ಲ ಊಟಕ್ಕೆ ನಿರಪಾಯ ಎಂಬ ಜಿಗಿತವನ್ನೂ ಒಪ್ಪಲಾಗದು: 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಹಾಳೆಯ ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣಕ್ಕೆ, ಅಂಥ ತಟ್ಟೆಗಳನ್ನು ಊಟಕ್ಕೆ ಬಳಸಕೂಡದೆಂದು ಹೇಳಿತು. ಆ ನಿಲುವನ್ನು ಒಪ್ಪುವುದು ಬಿಡುವುದು ವಿಜ್ಞಾನಿಗಳ ಪರೀಕ್ಷೆಗೆ ಬಿಟ್ಟ ವಿಷಯವಾದರೂ, ಪರಿಸರದ ಮಾತಿಗೂ ಆರೋಗ್ಯದ ಮಾತಿಗೂ ಬೇರೆ ಬೇರೆ ಆಧಾರ ಬೇಕೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಇನ್ನೂ ಹಿಂದಕ್ಕೆ ಹೋದರೆ ತೋಟದ ನೀರಿನ ಪ್ರಶ್ನೆಯಿದೆ. ಹಾಳೆ ಉದುರುವ ಮರ ಬೇಸಿಗೆಯುದ್ದಕ್ಕೂ ನೀರು ಬೇಡುವ ಮರ. ಗದ್ದೆ ತೋಟವಾಗುತ್ತ ಬಂದ ಸೀಮೆಯಲ್ಲಿ ತಟ್ಟೆಯ ಹಸಿರನ್ನು ಅಳೆಯುವವನು ಕೊಳವೆಬಾವಿಯ ಆಳವನ್ನು ಲೆಕ್ಕದಿಂದ ಹೊರಗಿಡಲಾಗದು. ತಟ್ಟೆ ತೋಟದ ಉಪೋತ್ಪನ್ನವಾದ್ದರಿಂದ ಆ ನೀರಿನ ಹೊರೆಯನ್ನೆಲ್ಲ ಅದರ ಮೇಲೆ ಹೊರಿಸುವುದು ತಪ್ಪು, ಆ ಹೊರೆಯೇ ಇಲ್ಲವೆಂಬಂತೆ ನಡೆಯುವುದೂ ತಪ್ಪು.

ಇಷ್ಟು ಹೊತ್ತು ಮಾತಿನ ದೋಷವನ್ನು ಅಸತ್ಯವೆಂದೇ ಎಣಿಸಿದ್ದಾಯಿತು. ಜೈನ ಆಚಾರಶಾಸ್ತ್ರ ಇಲ್ಲಿ ಬೇರೊಂದು ದಾರಿ ಹಿಡಿಯುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಗೃಹಸ್ಥನ ವ್ರತಗಳನ್ನೂ ಪ್ರತಿಯೊಂದು ವ್ರತದ ಐದೈದು ಅತಿಚಾರಗಳನ್ನೂ, ಎಂದರೆ ವ್ರತ ಪೂರ್ತಿ ಮುರಿಯದಿದ್ದರೂ ಅದನ್ನು ಕಲುಷಿತಗೊಳಿಸುವ ನಡೆಗಳನ್ನೂ ಹೇಳುವಾಗ, ಒಳ್ಳೆಯ ಸರಕಿನ ಹೆಸರಿನಲ್ಲಿ ಅದನ್ನು ಹೋಲುವ ಕೀಳು ಸರಕನ್ನು ಮಾರುವ ಪ್ರತಿರೂಪಕ ವ್ಯವಹಾರವನ್ನು ಸತ್ಯವ್ರತದ ಕೆಳಗೆ ಇಡದೆ, ಕಳ್ಳ ತೂಕದ ಜೊತೆಯಲ್ಲಿ, ಅಚೌರ್ಯವ್ರತದ ಕೆಳಗೆ ಇಡುತ್ತದೆ. ಈ ವಿಂಗಡಣೆಯನ್ನು ಗಂಭೀರವಾಗಿ ತೆಗೆದುಕೊಂಡರೆ ಹಸಿರು ಸೋಗಿನ ಸ್ವರೂಪವೇ ಬೇರೆಯಾಗಿ ಕಾಣುತ್ತದೆ. ಪರಿಸರದ ಹೆಸರು ಹೇಳಿದ ಸರಕಿಗೆ ಹತ್ತು ರೂಪಾಯಿ ಹೆಚ್ಚು ಕೊಡುವವನು ಆ ಹತ್ತು ರೂಪಾಯಿಯನ್ನು ತನ್ನ ಸುಖಕ್ಕಾಗಿ ಕೊಡುತ್ತಿಲ್ಲ. ತಾನು ಕಾಣದ ಮೀನಿಗೆ, ಮಣ್ಣಿಗೆ, ಮುಂದೆ ಹುಟ್ಟಲಿರುವವರಿಗೆ ಕೊಡುತ್ತಿದ್ದಾನೆ. ಅದು ಬೆಲೆಯ ವೇಷದಲ್ಲಿರುವ ದಾನ. ಆ ದಾನವನ್ನು ನಡುವೆ ತಡೆದು ಇಟ್ಟುಕೊಂಡ ವ್ಯಾಪಾರಿ, ದೇವರ ಹುಂಡಿಗೆ ಹಾಕೆಂದು ಭಕ್ತನು ಕೈಗಿತ್ತ ಕಾಣಿಕೆಯನ್ನು ದಾರಿಯಲ್ಲೇ ಜೇಬಿಗಿಳಿಸಿದವನಂತೆ, ಕೊಟ್ಟವನ ಸಂಕಲ್ಪವನ್ನೂ ಪಡೆಯಬೇಕಾದವನ ಪಾಲನ್ನೂ ಒಟ್ಟಿಗೆ ಕದಿಯುತ್ತಾನೆ. ಗ್ರಾಹಕನಿಗೆ ಹಣ ಹಿಂತಿರುಗಿಸಿದರೆ ಸಾಮಾನ್ಯ ಮೋಸ ಒಂದು ಮಟ್ಟಿಗೆ ಸರಿಹೋಗಬಹುದು, ಆದರೆ ಇಲ್ಲಿ ನಷ್ಟಕ್ಕೊಳಗಾದ ಕೆರೆ ಅಂಗಡಿಗೆ ಬಂದು ರಸೀದಿ ತೋರಿಸಲಾರದು.

ಇಸ್ಲಾಮಿನ ಪರಂಪರೆ ಇದೇ ದೋಷವನ್ನು ಮಾತೇ ಇಲ್ಲದ ಕಡೆಯಲ್ಲೂ ಗುರುತಿಸುತ್ತದೆ. ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ಬರುವ ಪ್ರಸಂಗದಲ್ಲಿ, ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಬಂದ ಪ್ರವಾದಿಯವರು ಅದರೊಳಗೆ ಕೈ ತೂರಿಸಿದಾಗ ಬೆರಳಿಗೆ ಪಸೆ ತಾಕಿತು. ಮಳೆಗೆ ನೆನೆದದ್ದೆಂದು ಮಾರುವವನು ಹೇಳಿದಾಗ, ನೆನೆದದ್ದನ್ನು ಜನ ನೋಡುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು, ಮೋಸ ಮಾಡುವವನು ತಮ್ಮವನಲ್ಲವೆಂದೂ ಹೇಳಿದರು. ಆ ವ್ಯಾಪಾರಿ ಒಂದು ಸುಳ್ಳನ್ನೂ ಆಡಿರಲಿಲ್ಲ. ಒಣಗಿದ್ದನ್ನು ಮೇಲೆ, ನೆನೆದದ್ದನ್ನು ಕೆಳಗೆ ಇರಿಸಿದ ಜೋಡಣೆಯೇ ಅವನ ಪರವಾಗಿ ಮಾತಾಡಿತ್ತು. ಪೊಟ್ಟಣದ ಮುಂಬದಿಯ ಎಲೆ, ಹನಿ, ಬೆಟ್ಟದ ಚಿತ್ರಗಳು ಮತ್ತು ಹಿಂಬದಿಯ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳು ಅಂಥದೇ ಜೋಡಣೆ. ಚನ್ನಗಿರಿಯ ಅಡಿಕೆ ವ್ಯಾಪಾರವನ್ನು ಬಲ್ಲವರಿಗೆ ಈ ಪ್ರಸಂಗದ ಅರ್ಥ ಬಿಡಿಸಿ ಹೇಳಬೇಕಿಲ್ಲ: ಮಂಡಿಯಲ್ಲಿ ರಾಶಿ ಅಡಿಕೆಯ ಚೀಲ ಬಿಚ್ಚಿದಾಗ ಮೇಲಿನ ಹಿಡಿಯನ್ನು ಮಾತ್ರ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ, ತಳದ ಕಾಯಿಯನ್ನೂ ತೆಗೆದು, ಒಡೆದು, ಪಸೆ ನೋಡುತ್ತಾರೆ. ತನ್ನ ಸರಕಿಗೆ ಆ ಪರೀಕ್ಷೆಯನ್ನು ಒಪ್ಪಿಕೊಳ್ಳುವ ಬೆಳೆಗಾರನು ತಾನು ಕೊಳ್ಳುವ ಸರಕಿಗೂ ಅದನ್ನೇ ಕೇಳುವುದರಲ್ಲಿ ಅತಿಯೇನೂ ಇಲ್ಲ.

ಹಾಗಾದರೆ ಮೋಸಹೋದ ಗ್ರಾಹಕನು ಪೂರ್ತಿ ನಿರ್ದೋಷಿಯೇ? ಇಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಕೊಳ್ಳುವವನಿಗೂ ಒಂದು ಆಸೆ ಇರುತ್ತದೆ: ಬಳಕೆಯನ್ನು ತಗ್ಗಿಸದೆ, ಬದುಕಿನ ರೀತಿಯನ್ನು ಬದಲಿಸದೆ, ಹತ್ತು ರೂಪಾಯಿಯಲ್ಲಿ ಪಾಪದ ಭಾರ ಇಳಿಯಬೇಕು. ಆ ಆಸೆಯ ಮೇಲೆಯೇ ಸೋಗಿನ ಬೆಳೆ ಬೆಳೆಯುತ್ತದೆ. ಹಸಿರು ಚೀಲವೆಂಬ ಧೈರ್ಯದಲ್ಲಿ ಒಂದರ ಬದಲು ಮೂರು ತರುವವನು, ಗೊಬ್ಬರವಾಗುವ ತಟ್ಟೆಯೆಂದು ಮನೆಯಲ್ಲಿರುವ ಸ್ಟೀಲು ತಟ್ಟೆಯನ್ನು ಬಿಟ್ಟು ಅದನ್ನು ಬಳಸುವವನು ತನಗೆ ತಾನೇ ಪುಣ್ಯಾಭಾಸವನ್ನು ಕಟ್ಟಿಕೊಳ್ಳುತ್ತಾನೆ, ವ್ಯಾಪಾರಿ ಅದಕ್ಕೆ ಬರಿಯ ಹೊದಿಕೆ ಒದಗಿಸುತ್ತಾನೆ. ಹಾಗೆಂದು ಇಬ್ಬರ ದೋಷ ಸಮನಲ್ಲ. ತಿಳಿದು ಮರೆಮಾಡುವವನ ದೋಷಕ್ಕೂ ತಿಳಿಯಲು ಸೋಮಾರಿಯಾದವನ ದೋಷಕ್ಕೂ ಇರುವ ಅಂತರವನ್ನು ಯಾವ ಧರ್ಮಶಾಸ್ತ್ರವೂ ಅಳಿಸಿಲ್ಲ.

ಯಾರ ಮಾತನ್ನು ನಂಬಬೇಕು ಎಂಬುದಕ್ಕೆ ನ್ಯಾಯದರ್ಶನ ಕೊಡುವ ಅಳತೆಗೋಲು ಈ ಪರೀಕ್ಷೆಯಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಶಬ್ದಪ್ರಮಾಣವೆಂದರೆ ಆಪ್ತನ ಮಾತು. ಆಪ್ತನೆಂದರೆ ವಿಷಯವನ್ನು ಸ್ವತಃ ಅರಿತವನು, ಅರಿತಂತೆಯೇ ತಿಳಿಸಬೇಕೆಂಬ ಬಯಕೆಯುಳ್ಳವನು. ಅಂಥವನು ಋಷಿಯೇ ಆಗಿರಬೇಕಿಲ್ಲ, ಆರ್ಯನೋ ಮ್ಲೇಚ್ಛನೋ ಯಾರೂ ಆಗಿರಬಹುದು ಎಂದು ಭಾಷ್ಯಕಾರ ವಾತ್ಸ್ಯಾಯನನು ಹೇಳಿರುವುದರಿಂದ, ಕಂಪನಿಯ ಹಳೆಯ ಹೆಸರಾಗಲಿ ಜಾಹೀರಾತಿನಲ್ಲಿ ಬರುವ ನಟನ ಮುಖವಾಗಲಿ ಆಪ್ತತೆಗೆ ಆಧಾರವಾಗಲಾರದು. ಮಾರುವವನಿಗೆ ಮುಚ್ಚಿಡಲು ಕಾರಣವಿರುವಾಗ ಅವನಲ್ಲದ ಮೂರನೆಯವನ ಮಾತು ಬೇಕಾಗುತ್ತದೆ, ಸರ್ಕಾರಿ ಗುರುತುಗಳ ಬೆಲೆ ಇರುವುದು ಅಲ್ಲೇ. ಸಾವಯವ ಆಹಾರವೆಂದು ಪೊಟ್ಟಣದಲ್ಲಿ ಮಾರುವ ವಸ್ತುವಿನ ಮೇಲೆ ಸಾವಯವದ ಸರ್ಕಾರಿ ಗುರುತು ಇರಬೇಕು. ಸಣ್ಣ ರೈತನು ನೇರವಾಗಿ ಬಳಕೆದಾರನಿಗೆ ಮಾರುವಾಗ ಆ ನಿಯಮದಿಂದ ವಿನಾಯಿತಿ ಇರುವುದರಿಂದ, ಸಂತೆಯಲ್ಲಿ ಅದಿಲ್ಲವೆಂಬ ಮಾತ್ರಕ್ಕೆ ಅವನನ್ನು ಸುಳ್ಳನೆನ್ನಬಾರದು, ಅವನ ಹೊಲವನ್ನು ಹೋಗಿ ನೋಡಬಹುದು. 1991ರಲ್ಲಿ ಆರಂಭವಾದ, ಮಣ್ಣಿನ ಮಡಕೆಯ ಚಿಹ್ನೆಯ ಇಕೋಮಾರ್ಕ್ ಯೋಜನೆಗೆ 2024ರಲ್ಲಿ ಹೊಸ ನಿಯಮಗಳು ಬಂದಿವೆ. ಆದರೆ ಕಂಪನಿ ತಾನೇ ಬರೆದುಕೊಂಡ ದುಂಡನೆಯ ಮುದ್ರೆಯೂ ದೂರದಿಂದ ಸರ್ಕಾರಿ ಗುರುತಿನಂತೆಯೇ ಕಾಣುತ್ತದೆ, ಆದ್ದರಿಂದ ಮುದ್ರೆಯ ಕೆಳಗೆ ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು ಮತ್ತು ಸಂಖ್ಯೆ ಇದೆಯೇ ಎಂದು ನೋಡದೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಇಷ್ಟೆಲ್ಲ ಪರೀಕ್ಷೆಯನ್ನು ಒಬ್ಬೊಬ್ಬ ಗ್ರಾಹಕನ ತಲೆಗೆ ಕಟ್ಟುವುದು ಅನ್ಯಾಯವೆಂಬ ಆಕ್ಷೇಪ ನಿಜವಾದುದು. ಲೇಬಲ್ಲು ಇಂಗ್ಲಿಷಿನಲ್ಲಿದೆ, ಆಧಾರ ಕ್ಯೂಆರ್ ಕೋಡಿನ ಒಳಗಿದೆ, ಹೊಲದಿಂದ ಸಂಜೆ ಅಂಗಡಿಗೆ ಬಂದವನಿಗೆ ಅದನ್ನು ತೆರೆದು ಓದುವ ವ್ಯವಧಾನವಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಟ್ಟಿದೆಯಾದರೂ, ಯಾರಾದರೂ ದೂರು ಕೊಡದ ಹೊರತು ಹಳ್ಳಿಯ ಅಂಗಡಿಯ ಕಪಾಟಿನವರೆಗೆ ಅದರ ಕೈ ಚಾಚುವುದು ಅಪರೂಪ. ಒಬ್ಬನಿಂದಾಗದ್ದು ಊರಿನಿಂದಾಗಬಹುದು ಎನ್ನುವುದಕ್ಕೆ ಕೆರೆಬಿಳಚಿಯಂಥ ಕಡೆಗಳಲ್ಲಿ ಕೈಗೆಟುಕುವ ದಾರಿ ದೊಡ್ಡ ಊಟಗಳದು. ಎರಡು ತಟ್ಟೆ ಕೊಳ್ಳುವವನ ಪ್ರಶ್ನೆಗೆ ಅಂಗಡಿಯವನು ಉತ್ತರಿಸದಿರಬಹುದು, ಎರಡು ಸಾವಿರ ತಟ್ಟೆ, ಮೂರು ಸಾವಿರ ಲೋಟ ಕೊಳ್ಳುವ ಮಸೀದಿಯ ಜಮಾತಿಗೋ ದೇವಸ್ಥಾನದ ಸಮಿತಿಗೋ ಉತ್ತರಿಸದಿರಲಾರನು. ಒಳಗೆ ಪ್ಲಾಸ್ಟಿಕ್ ಪೊರೆ ಇಲ್ಲ, ಇಂಥ ಪ್ರಮಾಣಪತ್ರವಿದೆ ಎಂಬ ಮಾತನ್ನು ರಸೀದಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡು, ಒಂದು ಲೋಟವನ್ನು ನೆನೆಹಾಕಿ ನೋಡಿ, ಪೊರೆ ಎದ್ದುಬಂದರೆ ಆ ರಸೀದಿಯೊಂದಿಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೋ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೋ ದೂರು ಕೊಡುವುದು ಒಂದು ಸಮಿತಿಗೆ ಅರ್ಧ ದಿನದ ಕೆಲಸ. ಆ ದೂರು ದಾಖಲಾದ ಮೇಲೆ ಮುಂದಿನ ಊಟಕ್ಕೆ ಸರಕು ಕಳಿಸುವ ವ್ಯಾಪಾರಿ, ತನ್ನ ಪೆಟ್ಟಿಗೆಯ ಮೇಲೆ ಪರಿಸರಸ್ನೇಹಿ ಎಂದು ಅಚ್ಚು ಹಾಕುವ ಮೊದಲು, ಅದನ್ನು ಸಾಬೀತುಪಡಿಸುವ ಕಾಗದವನ್ನು ಹುಡುಕಿಕೊಳ್ಳಬೇಕಾಗುತ್ತದೆ.